ಸಭಾ ಸಮಾರಂಭಗಳಲ್ಲಿ ಧ್ವನಿ-ದೃಶ್ಯ ವ್ಯವಸ್ಥೆ: ಒಂದು ವ್ಯಾವಹಾರಿಕ ವಿವೇಚನೆ

ಪೀಠಿಕೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಹೈದರಾಬಾದಿನ ಮಾದಾಪುರದಲ್ಲಿ ಉದ್ಯೋಗದಲ್ಲಿರುವವರು ಇದಕ್ಕೆ “ಸಭೆ ನಡೆಸಿ ನೋಡು” ಎಂಬ ಮೂರನೆಯ ಮಾತನ್ನು ಸೇರಿಸಿಕೊಂಡರೆ ತಪ್ಪಾಗಲಾರದು. 1998ರಲ್ಲಿ ಸೈಬರ್ ಟವರ್ಸ್ ಕಟ್ಟಡ ಉದ್ಘಾಟನೆಗೊಂಡ ಬಳಿಕ, ಬಂಡೆಗಳ ನಡುವೆ ಇದ್ದ ಈ ಊರು ಕಚೇರಿಗಳ ನಗರವಾಗಿ ಬೆಳೆಯಿತು. ಶಿಲ್ಪಾರಾಮದ ಆವರಣದಲ್ಲಿ ಶಿಲ್ಪಕಲಾ ವೇದಿಕೆ, ಅನತಿ ದೂರದಲ್ಲಿ ಹೈಟೆಕ್ಸ್ ವಸ್ತುಪ್ರದರ್ಶನ ಕೇಂದ್ರ, ಅದರ ನೆರೆಯಲ್ಲಿ 2006ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಮಾವೇಶ ಕೇಂದ್ರ ಇವೆಲ್ಲ ಈ ಪರಿಸರದಲ್ಲಿಯೇ ಇವೆ. ಗಣಿತಜ್ಞರ ವಿಶ್ವ ಸಮ್ಮೇಳನವು ಭಾರತದಲ್ಲಿ ಮೊದಲ ಬಾರಿಗೆ 2010ರ ಆಗಸ್ಟಿನಲ್ಲಿ ಸೇರಿದ್ದು ಈ ಕೇಂದ್ರದಲ್ಲಿ. ಜೀವವೈವಿಧ್ಯ ಒಡಂಬಡಿಕೆಯ ಹನ್ನೊಂದನೆಯ ಸಮ್ಮೇಳನ 2012ರ ಅಕ್ಟೋಬರಿನಲ್ಲಿ ನಡೆದದ್ದೂ ಇಲ್ಲಿಯೇ.

ಇಂತಹ ಮಹಾ ಸಮ್ಮೇಳನಗಳ ನೆರಳಿನಲ್ಲಿ ಚಿಕ್ಕ ಪುಟ್ಟ ಸಮಾರಂಭಗಳು ದಿನನಿತ್ಯ ನಡೆಯುತ್ತಿರುತ್ತವೆ. ಕಂಪೆನಿಯ ವಾರ್ಷಿಕೋತ್ಸವ, ವ್ಯಾಪಾರಿಗಳ ಸಮಾವೇಶ, ಬ್ಯಾಂಕಿನ ಗ್ರಾಹಕರ ಸಭೆ, ನಿವೃತ್ತರ ಸನ್ಮಾನ ಮುಂತಾದ ಇವುಗಳ ಸಿದ್ಧತೆಯ ಸಮಿತಿಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದ ನಮ್ಮ ಕನ್ನಡಿಗರು ಅನೇಕರಿದ್ದಾರೆ. ಸಂಘದ ರಾಜ್ಯೋತ್ಸವ ಬಂದಾಗಲೂ ಓಡಾಡುವವರು ಬಹುಮಟ್ಟಿಗೆ ಅವರೇ.

ಈ ಸಿದ್ಧತೆಗಳಲ್ಲಿ ಒಂದು ವಿಚಿತ್ರವನ್ನು ಯಾರೂ ಗಮನಿಸಬಹುದು. ಊಟದ ಪಟ್ಟಿಗೆ ಮೂರು ವಾರ, ಹಾರ-ಶಾಲುಗಳಿಗೆ ಎರಡು ವಾರ ಮೀಸಲಾದರೆ ಮೈಕು, ದೀಪ, ಪರದೆಗಳ ವಿಚಾರ ಕೊನೆಯ ಮೂರು ದಿನಗಳಿಗೆ ಉಳಿಯುತ್ತದೆ. ಸಾರಿಗೆ ಉಪ್ಪು ಕಡಿಮೆಯಾದರೆ ಅತಿಥಿಗಳು ಕ್ಷಮಿಸುತ್ತಾರೆ. ಆಡಿದ ಮಾತು ಕೇಳಿಸದಿದ್ದರೆ ಸಭೆಯೇ ನಡೆಯಲಿಲ್ಲವೆಂದು ತಿಳಿಯಬೇಕು. ಮಿಗಿಲಾಗಿ, ಈ ವ್ಯವಸ್ಥೆಯಲ್ಲಿ ಮನುಷ್ಯರ ಕಿವಿಯ ಆರೋಗ್ಯವೂ ಕೆಲವೊಮ್ಮೆ ಪ್ರಾಣವೂ ಅಡಗಿವೆ. ಆದುದರಿಂದಲೇ ಆರೋಗ್ಯ ಲೇಖನಗಳ ಈ ಸಂಚಿಕೆಯಲ್ಲಿ ಈ ವಿಷಯಕ್ಕೂ ಸ್ಥಾನ ಉಚಿತವೆಂದು ಭಾವಿಸಿದ್ದೇನೆ. ಧ್ವನಿ-ದೃಶ್ಯ ಸೇವೆಯವರಿಂದ ನಾವು ಪಡೆಯಬೇಕಾದ ಮುಖ್ಯ ವಸ್ತು ಹೊಣೆಗಾರಿಕೆ. ಉಪಕರಣಗಳು ಅದರ ಸಾಧನಗಳು ಮಾತ್ರ. ಆ ಹೊಣೆಗಾರಿಕೆ ಬರವಣಿಗೆಯಲ್ಲಿದ್ದರೆ ಮಾತ್ರ ದೊರೆಯುತ್ತದೆ ಎಂಬುದು ಈ ಲೇಖನದ ತಾತ್ಪರ್ಯ.

ಧ್ವನಿ-ದೃಶ್ಯ ಸೇವೆಯ ಅಂಗಗಳು

ಸ್ವಾತಂತ್ರ್ಯ ಚಳವಳಿಯ ಕಾಲದ ಸಭೆಗಳ ಛಾಯಾಚಿತ್ರಗಳಲ್ಲಿ, ಗಾಂಧೀಜಿ ಮತ್ತು ನೆಹರೂ ಅವರ ಮುಂದಿನ ಮೈಕಿನ ಮೇಲೆ “ಷಿಕಾಗೋ ರೇಡಿಯೋ” ಎಂಬ ಹೆಸರನ್ನು ವಾಚಕರು ಕಂಡಿರಬಹುದು. ಹೆಸರು ವಿದೇಶದ್ದಾದರೂ ಅದು ಮೋಟ್ವಾನೆ ಮನೆತನದ ಭಾರತೀಯ ಸಂಸ್ಥೆ. ಅನಂತರದ ಕಾಲದಲ್ಲಿ ಊರೂರಿನ ಮೈಕ್‌ಸೆಟ್ ಅಂಗಡಿಗಳಲ್ಲಿ ಅಹುಜಾ ಆಂಪ್ಲಿಫೈಯರು ಮನೆಮಾತಾಯಿತು. ಒಂದು ಮೈಕು, ಒಂದು ಆಂಪ್ಲಿಫೈಯರು, ಎರಡು ತುತ್ತೂರಿ ಇಷ್ಟರಲ್ಲಿ ಆಗ ಸಭೆ ಮುಗಿಯುತ್ತಿತ್ತು.

ಇಂದಿನ ಸೇವೆಗೆ ಐದು ಅಂಗಗಳಿವೆ. ಮೊದಲನೆಯದು ಧ್ವನಿ: ಮೈಕುಗಳು, ಮಿಕ್ಸರ್, ಧ್ವನಿವರ್ಧಕಗಳು. ಎರಡನೆಯದು ದೃಶ್ಯ: ಪ್ರೊಜೆಕ್ಟರ್ ಅಥವಾ ಎಲ್‌ಇಡಿ ಪರದೆ, ಕ್ಯಾಮೆರಾ. ಮೂರನೆಯದು ಬೆಳಕು. ನಾಲ್ಕನೆಯದು ಇವನ್ನು ಹೊತ್ತು ನಿಲ್ಲುವ ಲೋಹದ ಚೌಕಟ್ಟುಗಳು ಮತ್ತು ವೇದಿಕೆ. ಐದನೆಯದು ವಿದ್ಯುತ್ತು. ಈ ಐದನ್ನೂ ಒಬ್ಬನೇ ಗುತ್ತಿಗೆದಾರ ಒದಗಿಸುವುದುಂಟು, ಮೂವರು ಹಂಚಿಕೊಳ್ಳುವುದೂ ಉಂಟು. ಮೂವರಿದ್ದಾಗ ಒಬ್ಬನ ದೋಷವನ್ನು ಇನ್ನೊಬ್ಬನ ಮೇಲೆ ಹೊರಿಸುವ ಅವಕಾಶ ಹೆಚ್ಚು. ಆದುದರಿಂದ ಕೆಲಸ ಹಂಚಿಹೋದರೂ ಸಮಗ್ರವಾಗಿ ಉತ್ತರ ಹೇಳುವವರು ಒಬ್ಬರೇ ಆಗಿರುವಂತೆ ನೋಡಿಕೊಳ್ಳುವುದು ಲೇಸು.

ಸಭಾಂಗಣದ ಸ್ವಭಾವ

ಹೈದರಾಬಾದಿಗೆ ಬಂದ ನೆಂಟರನ್ನು ನಾವು ಗೋಲ್ಕೊಂಡೆಗೆ ಕರೆದೊಯ್ಯುತ್ತೇವೆ. ಅಲ್ಲಿ ಫತೇ ದರ್ವಾಜೆಯ ಕಮಾನಿನ ಕೆಳಗೆ ತಟ್ಟಿದ ಚಪ್ಪಾಳೆ ಸುಮಾರು ಒಂದು ಕಿಲೋಮೀಟರು ದೂರದ ಬಾಲಾ ಹಿಸ್ಸಾರಿನಲ್ಲಿ ಕೇಳಿಸುತ್ತದೆ. ನಮ್ಮ ವಿಜಯಪುರದ ಗೋಳಗುಮ್ಮಟದ ಮೊಗಸಾಲೆಯಲ್ಲಿ ಪಿಸುಗುಟ್ಟಿದ ಮಾತು ಎದುರಿನ ಗೋಡೆಯ ಬಳಿ ನಿಂತವರಿಗೆ ತಲಪುತ್ತದೆ, ಒಂದು ಕೂಗು ಅನೇಕ ಬಾರಿ ಮರುದನಿಗೊಡುತ್ತದೆ. ಎರಡೂ ಅದ್ಭುತಗಳೇ. ಆದರೆ ಗೋಳಗುಮ್ಮಟದಲ್ಲಿ ಅರ್ಧ ಗಂಟೆ ಭಾಷಣ ಮಾಡಿದರೆ ಒಂದು ವಾಕ್ಯವೂ ಅರ್ಥವಾಗಲಾರದು. ಮುಂದಿನ ಪದ ಬರುವ ವೇಳೆಗೆ ಹಿಂದಿನ ಪದ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಗೋಡೆ, ಕಮಾನು, ಛಾವಣಿಗಳೇ ಶಬ್ದವನ್ನು ಸಾಗಿಸಬಲ್ಲವು, ಅವೇ ಕೆಡಿಸಲೂಬಲ್ಲವು.

ಈ ಮರುದನಿಯನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತು ಐದು ಸೆಕೆಂಡಿಗೂ ಮೀರಿ ಉಳಿಯುತ್ತಿತ್ತು. ಅವರು ರಾತ್ರಿಯ ನಿಶ್ಶಬ್ದದಲ್ಲಿ ಸಮೀಪದ ರಂಗಮಂದಿರದಿಂದ ಮೆತ್ತೆಗಳನ್ನು ತರಿಸಿ ಹಾಸಿ, ಆರ್ಗನ್ ವಾದ್ಯದ ಕೊಳವೆಯನ್ನು ನುಡಿಸಿ, ಶಬ್ದ ಅಡಗುವ ಕಾಲವನ್ನು ಅಳೆದರು. ಕೊಠಡಿ ದೊಡ್ಡದಾದಷ್ಟೂ ಮರುದನಿ ದೀರ್ಘವಾಗುವುದು, ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಅದು ಕುಗ್ಗುವುದು ಎಂಬುದು ಅವರು ಕಂಡ ನಿಯಮದ ಸಾರ.

ನಮ್ಮ ಕೆಲಸಕ್ಕೆ ಇದರಿಂದ ಎರಡು ಪಾಠಗಳಿವೆ. ಮೊದಲನೆಯದು, ಗಾಜಿನ ಗೋಡೆ ಮತ್ತು ಅಮೃತಶಿಲೆಯ ನೆಲವಿರುವ ಹೋಟೆಲಿನ ಸಭಾಂಗಣ ನೋಟಕ್ಕೆ ಸೊಗಸಾದರೂ ಮಾತಿಗೆ ಪ್ರತಿಕೂಲ. ಜಮಖಾನೆ, ಪರದೆಬಟ್ಟೆ, ಮೆತ್ತೆಯ ಕುರ್ಚಿಗಳಿರುವ ಸಾಧಾರಣ ಸಭಾಂಗಣ ಮೇಲು. ಎರಡನೆಯದು, ಮನುಷ್ಯನ ಉಡುಪೂ ಶಬ್ದವನ್ನು ಹೀರುತ್ತದೆ. ಬರಿದಾದ ಸಭಾಂಗಣದಲ್ಲಿ ಕೇಳಿದ ಮರುದನಿ, ಜನ ತುಂಬಿದಾಗ ತಗ್ಗುತ್ತದೆ. ಸಭಾಂಗಣವನ್ನು ಕಾದಿರಿಸುವ ಮೊದಲೇ ಧ್ವನಿ ತಂತ್ರಜ್ಞನನ್ನು ಜೊತೆಗೆ ಕರೆದೊಯ್ದು ತೋರಿಸುವುದು ಅತ್ಯವಶ್ಯಕ. ಸಾಲ ಕೊಡುವ ಮುನ್ನ ಅಡಮಾನದ ಆಸ್ತಿಯನ್ನು ಕಣ್ಣಾರೆ ನೋಡಿಬರುವುದು ಬ್ಯಾಂಕಿನ ಪದ್ಧತಿ. ಇಲ್ಲಿಯೂ ಅದೇ ಕ್ರಮ ಸಲ್ಲುತ್ತದೆ.

ಆ ಭೇಟಿಯಲ್ಲಿ ಸಭಾಂಗಣದ ವ್ಯವಸ್ಥಾಪಕರನ್ನು ಮೂರು ಪ್ರಶ್ನೆ ಕೇಳಬೇಕು. ಹೊರಗಿನ ಧ್ವನಿ-ದೃಶ್ಯ ಸೇವೆಯವರಿಗೆ ಪ್ರವೇಶವುಂಟೇ, ಅದಕ್ಕೆ ಪ್ರತ್ಯೇಕ ಶುಲ್ಕವಿದೆಯೇ? ಛಾವಣಿಯಿಂದ ಎಷ್ಟು ತೂಕ ತೂಗುಹಾಕಬಹುದು? ವಿದ್ಯುತ್ತು ಎಷ್ಟು ದೊರೆಯುತ್ತದೆ, ಜನರೇಟರು ಯಾರದು? ಬಾಡಿಗೆಯ ಮುಂಗಡ ಕೊಟ್ಟ ಮೇಲೆ ಈ ಪ್ರಶ್ನೆಗಳನ್ನು ಕೇಳಿದರೆ ಉತ್ತರದಿಂದ ಪ್ರಯೋಜನವಿಲ್ಲ.

ಎಷ್ಟು ಶಬ್ದ ಸಾಕು?

ಶಬ್ದವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಇದು ರೂಪಾಯಿ-ಪೈಸೆಯ ಲೆಕ್ಕದಂತೆ ಏರುವುದಿಲ್ಲ. ಮೂರು ಡೆಸಿಬೆಲ್ ಹೆಚ್ಚಾದರೆ ಶಬ್ದಶಕ್ತಿ ಎರಡರಷ್ಟಾಗುತ್ತದೆ, ಹತ್ತು ಹೆಚ್ಚಾದರೆ ಹತ್ತರಷ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಒಂದು ರಾತ್ರಿಯ ಸಂಗೀತ ಕಾರ್ಯಕ್ರಮ ವಾರದ ಪಾಲನ್ನೆಲ್ಲ ಒಂದೇ ಸಲ ಖರ್ಚುಮಾಡಿಬಿಡಬಲ್ಲದು. ಅದೇ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ, ಸಮಾರಂಭದ ಸ್ಥಳಗಳಲ್ಲಿ ಶಬ್ದದ ಸರಾಸರಿ 100 ಡೆಸಿಬೆಲನ್ನು ಮೀರಬಾರದೆಂದು ಹೇಳಿದೆ.

ಕಿವಿಯ ಒಳಭಾಗದಲ್ಲಿರುವ ಸೂಕ್ಷ್ಮ ಕೇಶಕೋಶಗಳು ಶಬ್ದವನ್ನು ಗ್ರಹಿಸುತ್ತವೆ. ಒಂದು ಕಿವಿಯಲ್ಲಿ ಇಂತಹವು ಸುಮಾರು ಹದಿನೈದು ಸಾವಿರ. ಚರ್ಮದ ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡುತ್ತದೆ. ನಶಿಸಿದ ಕೇಶಕೋಶ ಮಾತ್ರ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಇದು ಅಸಲು ಕರಗುವ ಖಾತೆ. ಮತ್ತೆ ಜಮಾ ಮಾಡುವ ಮಾರ್ಗವಿಲ್ಲ. ಸಮಾರಂಭದಿಂದ ಮನೆಗೆ ಬಂದ ಮೇಲೆ ಕಿವಿಯಲ್ಲಿ ಜುಂಯ್ ಎನ್ನುವ ನಾದ ಉಳಿದರೆ, ಕಿವಿಗೆ ಆಯಾಸವಾಗಿದೆಯೆಂಬ ಎಚ್ಚರಿಕೆ ಅದು.

ಇನ್ನು ಭಾಷಣಕ್ಕೆ ಬೇಕಾದದ್ದೆಷ್ಟು? ಹಿನ್ನೆಲೆಯ ಗದ್ದಲಕ್ಕಿಂತ ಹತ್ತರಿಂದ ಹದಿನೈದು ಡೆಸಿಬೆಲ್ ಮೇಲಿದ್ದರೆ ಮಾತು ಸ್ಪಷ್ಟವಾಗುತ್ತದೆ. ಹವಾನಿಯಂತ್ರಣದ ಸದ್ದು 50 ಡೆಸಿಬೆಲ್ ಇದ್ದರೆ, ಶ್ರೋತೃವಿನ ಕಿವಿಯ ಬಳಿ 65 ಸಾಕು. ಮಾತು ಅರ್ಥವಾಗದಿದ್ದಾಗ “ವಾಲ್ಯೂಮ್ ಹೆಚ್ಚಿಸಿ” ಎಂದು ಕೂಗುವುದು ನಮ್ಮ ರೂಢಿ. ಆದರೆ ದೋಷ ಬಹುವೇಳೆ ಮರುದನಿಯಲ್ಲಿ ಅಥವಾ ಧ್ವನಿವರ್ಧಕದ ಸ್ಥಾನದಲ್ಲಿರುತ್ತದೆ, ಶಬ್ದ ಏರಿಸಿದರೆ ಅದೇ ದೋಷ ಇನ್ನಷ್ಟು ಜೋರಾಗಿ ಕೇಳಿಸುತ್ತದೆ.

ಧ್ವನಿವರ್ಧಕದ ಸ್ಥಾನದ ಮಹತ್ವಕ್ಕೆ ಒಂದು ಲೆಕ್ಕವನ್ನು ಗಮನಿಸೋಣ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಪೆಟ್ಟಿಗೆಯಿಂದ 3 ಮೀಟರಿನಲ್ಲಿ 100 ಇದ್ದರೆ 6 ಮೀಟರಿನಲ್ಲಿ 94, 12ರಲ್ಲಿ 88, 24ರಲ್ಲಿ 82. ವೇದಿಕೆಯ ಇಕ್ಕೆಲಗಳಲ್ಲಿ ಎರಡೇ ಭಾರಿ ಪೆಟ್ಟಿಗೆಗಳನ್ನಿಟ್ಟು ಕೊನೆಯ ಸಾಲಿಗೆ ಮುಟ್ಟಿಸಹೊರಟರೆ, ಮೊದಲ ಸಾಲಿನಲ್ಲಿ ಕುಳಿತ ಹಿರಿಯರೂ ಚಾಪೆಯ ಮೇಲೆ ಕುಳಿತ ಮಕ್ಕಳೂ ದಂಡ ತೆರುತ್ತಾರೆ. ಪೆಟ್ಟಿಗೆಗಳನ್ನು ತಲೆಯ ಮೇಲ್ಮಟ್ಟಕ್ಕೆ ಎತ್ತುವುದು, ಸಭಾಂಗಣದ ನಡುವೆ ಚಿಕ್ಕ ಪೆಟ್ಟಿಗೆಗಳನ್ನು ಸೇರಿಸುವುದು ಇದಕ್ಕೆ ಪರಿಹಾರ. ಆದರೆ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಮಾತ್ರ ಚಲಿಸುತ್ತದೆ. ವೇದಿಕೆಯಿಂದ 20 ಮೀಟರು ಕ್ರಮಿಸಲು ಅದಕ್ಕೆ 58 ಮಿಲಿಸೆಕೆಂಡು ಬೇಕು. ವಿದ್ಯುತ್ತು ತಂತಿಯಲ್ಲಿ ಕ್ಷಣಾರ್ಧದಲ್ಲಿ ತಲಪುವುದರಿಂದ, ನಡುವಿನ ಪೆಟ್ಟಿಗೆಯ ಶಬ್ದವನ್ನು ಅಷ್ಟೇ ಕಾಲ ತಡೆದು ಬಿಡದಿದ್ದರೆ ಅಲ್ಲಿ ಕುಳಿತವರಿಗೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ಈ ವಿಳಂಬವನ್ನು ಹೊಂದಿಸುವಿರಾ ಎಂದು ಸೇವೆಯವರನ್ನು ಕೇಳಿ ನೋಡಬೇಕು. ಸಮರ್ಪಕ ಉತ್ತರ ಬಂದರೆ ಕೆಲಸ ಬಲ್ಲವರೆಂದು ತಿಳಿಯಬಹುದು.

ಮೈಕು ಕಿರುಚುವುದನ್ನು ಎಲ್ಲರೂ ಕೇಳಿದ್ದೇವೆ. ಧ್ವನಿವರ್ಧಕದಿಂದ ಹೊರಟ ಶಬ್ದ ಮತ್ತೆ ಮೈಕನ್ನು ಸೇರಿ, ವರ್ಧಿಸಿ, ಸುತ್ತುತ್ತಲೇ ಇರುವುದು ಇದಕ್ಕೆ ಕಾರಣ. ಮೈಕು ಯಾವಾಗಲೂ ಧ್ವನಿವರ್ಧಕಗಳ ಹಿಂದೆ ಇರಬೇಕು, ಮಾತನಾಡುವವರು ಅದರ ಸಮೀಪದಲ್ಲಿರಬೇಕು. ಅಧ್ಯಕ್ಷರು ಮೈಕನ್ನು ಎದೆಯ ಬಳಿ ಹಿಡಿದು ಮಾತನಾಡಿದರೆ ತಂತ್ರಜ್ಞ ಶಬ್ದ ಏರಿಸಲೇಬೇಕಾಗುತ್ತದೆ, ಅದರ ಬೆನ್ನಿಗೇ ಕಿರುಚಾಟ ಕಾದಿರುತ್ತದೆ. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರವಿರಲೆಂದು ಭಾಷಣಕಾರರಿಗೆ ಮೊದಲೇ ವಿನಯಪೂರ್ವಕವಾಗಿ ತಿಳಿಸುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಪರದೆಯೂ ಕನ್ನಡದ ಅಕ್ಷರವೂ

ಪರದೆಯ ಅಳತೆಗೆ ಒಂದು ಸ್ಥೂಲ ಸೂತ್ರವಿದೆ. ಕೊನೆಯ ಸಾಲು ಚಿತ್ರದ ಎತ್ತರದ ಆರರಷ್ಟಕ್ಕಿಂತ ದೂರವಿರಬಾರದು. ಅಂಕಿಅಂಶಗಳ ಕೋಷ್ಟಕ ತೋರಿಸುವುದಾದರೆ ನಾಲ್ಕರಷ್ಟೇ ಮಿತಿ. ಕೊನೆಯ ಕುರ್ಚಿ 18 ಮೀಟರು ದೂರದಲ್ಲಿದ್ದರೆ 3 ಮೀಟರು ಎತ್ತರದ ಚಿತ್ರ ಬೇಕು. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿಯಾದರೂ ಮೇಲಿದ್ದರೆ ಮುಂದಿನವರ ತಲೆ ಅಡ್ಡಬರುವುದಿಲ್ಲ. ಎಲ್‌ಇಡಿ ಪರದೆಯಲ್ಲಿ ಬೆಳಕಿನ ಚುಕ್ಕೆಗಳ ನಡುವಣ ಅಂತರವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಆ ಅಂತರ ಎಷ್ಟು ಮಿಲಿಮೀಟರೋ, ನೋಡುವವರು ಕನಿಷ್ಠ ಅಷ್ಟು ಮೀಟರು ದೂರದಲ್ಲಿರಬೇಕೆಂಬುದು ರೂಢಿಯ ಲೆಕ್ಕ.

ಕನ್ನಡಿಗರಿಗೆ ಇಲ್ಲಿ ವಿಶೇಷವಾದ ಒಂದು ತೊಡಕಿದೆ. ನುಡಿ ಅಥವಾ ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಬರಹವನ್ನು ಆ ತಂತ್ರಾಂಶವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಸನ್ಮಾನಿತರ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳು ಪರದೆಯನ್ನು ತುಂಬುತ್ತವೆ. ಯೂನಿಕೋಡ್ ಬಳಸಿದ್ದರೂ ತಕ್ಕ ಅಕ್ಷರವಿನ್ಯಾಸವಿಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲಬಹುದು. ಹೈದರಾಬಾದಿನ ತಂತ್ರಜ್ಞನಿಗೆ ಕನ್ನಡ ಓದಲು ಬಾರದಿದ್ದರೆ ದೋಷ ಅವನ ಗಮನಕ್ಕೇ ಬರುವುದಿಲ್ಲ. ಆದಕಾರಣ ಕನ್ನಡದ ಪುಟಗಳನ್ನು ಪಿಡಿಎಫ್ ಅಥವಾ ಚಿತ್ರರೂಪದಲ್ಲಿ ಕೊಟ್ಟು, ಅದೇ ಪರದೆಯ ಮೇಲೆ ಕನ್ನಡ ಬಲ್ಲವರೊಬ್ಬರು ಹಿಂದಿನ ದಿನವೇ ಓದಿ ನೋಡಬೇಕು.

ವಿದ್ಯುತ್ತು, ತೂಕ ಮತ್ತು ಬೆಳಕು

ಇನ್ನು ಪ್ರಾಣಕ್ಕೆ ಸಂಬಂಧಿಸಿದ ವಿಷಯ. 2024ರ ಜನವರಿಯಲ್ಲಿ ಹೈದರಾಬಾದಿನ ಹೊರವಲಯದ ಚಿತ್ರನಗರಿಯೊಂದರಲ್ಲಿ ಒಂದು ಸಾಫ್ಟ್‌ವೇರ್ ಸಂಸ್ಥೆಯ ಬೆಳ್ಳಿಹಬ್ಬ ನಡೆಯಿತು. ಸಂಸ್ಥೆಯ ಇಬ್ಬರು ಮುಖ್ಯಸ್ಥರನ್ನು ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ ಮೇಲಿನಿಂದ ವೇದಿಕೆಗೆ ಇಳಿಸುವ ಏರ್ಪಾಡು ಮಾಡಲಾಗಿತ್ತು. ಸಿಬ್ಬಂದಿ ನೋಡುತ್ತಿದ್ದಂತೆಯೇ ಪಂಜರದ ಒಂದು ಪಾರ್ಶ್ವದ ಆಧಾರ ಕಡಿದು ಇಬ್ಬರೂ ಕೆಳಗೆ ಬಿದ್ದರು. ಒಬ್ಬರು ಮೃತರಾದರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಕೆಲವು ಕ್ಷಣಗಳ ವೈಭವಕ್ಕಾಗಿ ಹಬ್ಬದ ಮನೆ ಸೂತಕದ ಮನೆಯಾಯಿತು.

ತಲೆಯ ಮೇಲೆ ತೂಗುವ ಪ್ರತಿಯೊಂದು ವಸ್ತುವಿಗೂ, ಅದು ದೀಪವಾಗಲಿ, ಧ್ವನಿವರ್ಧಕವಾಗಲಿ, ಪರದೆಯಾಗಲಿ, ಮುಖ್ಯ ಆಧಾರದ ಜೊತೆಗೆ ಪ್ರತ್ಯೇಕವಾದ ಎರಡನೆಯ ಉಕ್ಕಿನ ಹಗ್ಗವಿರಬೇಕು. ಮೊದಲನೆಯದು ಸೋತರೆ ಎರಡನೆಯದು ಹಿಡಿಯಬೇಕು. ಎಷ್ಟು ತೂಕ, ಎಷ್ಟು ಆಧಾರಬಿಂದುಗಳು, ಪರೀಕ್ಷಿಸಿದವರು ಯಾರು ಎಂಬುದನ್ನು ಸಹಿಯೊಂದಿಗೆ ಬರೆಸಿಕೊಳ್ಳಬೇಕು. ಮನುಷ್ಯರನ್ನು ಎತ್ತಿ ಇಳಿಸುವ ಸಾಹಸಗಳನ್ನು ಸಾಮಾನ್ಯ ಸಮಾರಂಭದಿಂದ ದೂರವಿಡುವುದೇ ಶ್ರೇಯಸ್ಕರ. ಬಯಲಿನ ವೇದಿಕೆಯಾದರೆ ಗಾಳಿಮಳೆಯ ಸೂಚನೆ ಕಂಡ ಕೂಡಲೆ ಪರದೆಯನ್ನು ಇಳಿಸಿ ಜನರನ್ನು ದೂರ ಸರಿಸುವ ಅಧಿಕಾರ ಯಾರದೆಂದು ಮೊದಲೇ ನಿಶ್ಚಯವಾಗಿರಬೇಕು.

ವಿದ್ಯುತ್ತಿನ ವಿಷಯದಲ್ಲಿ ಸಾಮಾನ್ಯ ಲೆಕ್ಕ ಯಾರಿಗೂ ಕಷ್ಟವಲ್ಲ. 230 ವೋಲ್ಟಿನಲ್ಲಿ 16 ಆಂಪಿಯರಿನ ಒಂದು ಪ್ಲಗ್ಗು 3,680 ವಾಟ್‌ಗಿಂತ ಹೆಚ್ಚು ಹೊರಲಾರದು. ಸೇವೆಯವರಿಂದ ಎಲ್ಲ ಉಪಕರಣಗಳ ವಾಟ್ ಪಟ್ಟಿಯನ್ನು ಪಡೆದು ಕೂಡಿ ನೋಡಿದರೆ, ಗೋಡೆಯ ಪ್ಲಗ್ಗುಗಳು ಸಾಕೋ ಪ್ರತ್ಯೇಕ ಸಂಪರ್ಕ ಬೇಕೋ ತಿಳಿಯುತ್ತದೆ. ಅರ್ಥಿಂಗ್ ಎಂದು ರೂಢಿಯಲ್ಲಿ ಹೇಳುವ ಭೂಸಂಪರ್ಕ ಸರಿಯಿರಬೇಕು. ಸೋರಿಕೆ 30 ಮಿಲಿಆಂಪಿಯರು ಆಗುತ್ತಲೇ ವಿದ್ಯುತ್ತನ್ನು ಕಡಿಯುವ ಸಾಧನವಿರಬೇಕು. ಲೋಹದ ಮೈಕನ್ನು ಹಿಡಿದು ನಿಲ್ಲುವವರ ಜೀವ ಇದನ್ನು ಅವಲಂಬಿಸಿದೆ. ವಿದ್ಯುತ್ತು ಹೋಗಿ ಜನರೇಟರು ಹತ್ತಿಕೊಳ್ಳುವವರೆಗೆ ಮಿಕ್ಸರು ಮತ್ತು ಕಂಪ್ಯೂಟರು ಆರದಂತೆ ಯುಪಿಎಸ್ ಇರಲಿ. ನೆಲದ ಮೇಲಿನ ತಂತಿಗಳನ್ನು ಮುಚ್ಚಬೇಕು; ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರಿಗೆ ಆ ಸಮಾರಂಭ ಜೀವಮಾನದ ಶಿಕ್ಷೆಯಾಗುತ್ತದೆ.

ಬೆಳಕೂ ನಿರುಪದ್ರವಿಯೆಂದು ತಿಳಿಯಬಾರದು. 1997ರ ಡಿಸೆಂಬರಿನಲ್ಲಿ ಜಪಾನಿನ ದೂರದರ್ಶನದಲ್ಲಿ ಮಕ್ಕಳ ವ್ಯಂಗ್ಯಚಿತ್ರ ಕಾರ್ಯಕ್ರಮವೊಂದರ ಕೆಂಪು-ನೀಲಿ ಮಿಂಚುಗಳನ್ನು ನೋಡಿ ಆರುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಬೆಳಕು ಅಪಸ್ಮಾರದ ಪ್ರವೃತ್ತಿಯುಳ್ಳ ಕೆಲವರಿಗೆ ಅಪಾಯಕಾರಿ. ಲೇಸರ್ ಕಿರಣಗಳು ಜನರ ಕಣ್ಣಿನ ಮಟ್ಟಕ್ಕೆ ಬರಲೇಬಾರದು. ಕೃತಕ ಮಂಜು ಉಬ್ಬಸದ ರೋಗಿಗಳಿಗೆ ತೊಂದರೆ ಕೊಡುವುದಲ್ಲದೆ ಸಭಾಂಗಣದ ಹೊಗೆ ಸೂಚಕ ಗಂಟೆಯನ್ನೂ ಬಾರಿಸಬಹುದು. ಇವುಗಳಲ್ಲಿ ಯಾವುದನ್ನೂ ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬಳಸಕೂಡದೆಂದು ತಿಳಿಸಿರಬೇಕು.

ದರಪಟ್ಟಿಯನ್ನು ಓದುವ ವಿಧಾನ

ಮೂರು ದರಪಟ್ಟಿ ತರಿಸಿ ಅತಿ ಕಡಿಮೆಯದನ್ನು ಒಪ್ಪುವುದು ಕಚೇರಿಗಳ ವಾಡಿಕೆ. ಆದರೆ ಮೂವರೂ ಒಂದೇ ಕೆಲಸಕ್ಕೆ ದರ ಹೇಳಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. “ಉತ್ತಮ ಸೌಂಡ್ ಸಿಸ್ಟಮ್, ಒಂದು ಎಲ್‌ಇಡಿ” ಎಂದಷ್ಟೇ ಕೇಳಿದರೆ ಪ್ರತಿಯೊಬ್ಬರೂ ತಮ್ಮ ಉಗ್ರಾಣದಲ್ಲಿರುವುದಕ್ಕೆ ದರ ಬರೆಯುತ್ತಾರೆ. ಮೊದಲು ಬೇಡಿಕೆಯ ಪಟ್ಟಿ, ಅನಂತರ ದರಪಟ್ಟಿ ಎಂಬುದೇ ಸರಿಯಾದ ಕ್ರಮ. ಸಭಿಕರ ಸಂಖ್ಯೆ, ಸಭಾಂಗಣದ ಉದ್ದಗಲ, ಮೈಕುಗಳ ಸಂಖ್ಯೆ ಮತ್ತು ಬಗೆ, ಪರದೆಯ ಅಳತೆ, ಧ್ವನಿಮುದ್ರಣ, ಪೂರ್ವಾಭ್ಯಾಸದ ವೇಳೆ ಇವುಗಳನ್ನು ನಮೂದಿಸಿದ ಒಂದೇ ಪತ್ರವನ್ನು ಎಲ್ಲರಿಗೂ ಕಳಿಸಬೇಕು.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ‘ಅ’ ಎಂಬವರ ದರ 1,20,000 ರೂಪಾಯಿ, ‘ಆ’ ಎಂಬವರದು 1,42,000. ಮೇಲ್ನೋಟಕ್ಕೆ ‘ಅ’ ಅಗ್ಗ. ಆದರೆ ‘ಅ’ ಅವರ ಪಟ್ಟಿಯ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಸಾಗಾಣಿಕೆ 8,000, ತಂತ್ರಜ್ಞರ ಕೂಲಿ 12,000, ರಾತ್ರಿಯ ಕೆಲಸಕ್ಕೆ 6,000 ಪ್ರತ್ಯೇಕವೆಂದಿದೆ. ಒಟ್ಟು 1,46,000, ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ 26,280 ಸೇರಿ 1,72,280 ರೂಪಾಯಿ. ‘ಆ’ ಅವರ ದರದಲ್ಲಿ ಇವೆಲ್ಲ ಅಡಕವಾಗಿವೆ. ತೆರಿಗೆ 25,560 ಸೇರಿ 1,67,560. ಅಗ್ಗವೆಂದು ಕಂಡದ್ದು 4,720 ರೂಪಾಯಿ ದುಬಾರಿಯಾಯಿತು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು ಎಂಬ ಗಾದೆ ನಮ್ಮ ಜೋಳದ ಸೀಮೆಯವರಿಗೆ ಹೊಸದಲ್ಲ. ತೆರಿಗೆಯ ಜಮೆ ಪಡೆಯಲಾಗದ ನಮ್ಮಂತಹ ಸಂಘಗಳಿಗೆ ಆ ತೆರಿಗೆಯೂ ಪೂರ್ಣ ವೆಚ್ಚವೆಂಬುದನ್ನು ಮರೆಯಬಾರದು.

ದರ ತೀರ ಕಡಿಮೆಯಿದ್ದಾಗ ಉಳಿತಾಯ ಎಲ್ಲಿಂದ ಬಂತೆಂದು ವಿಚಾರಿಸುವುದು ಧರ್ಮ. ಅನೇಕ ವೇಳೆ ಅದು ಕೆಲಸಗಾರರ ಸಂಖ್ಯೆಯಿಂದ ಬಂದಿರುತ್ತದೆ. ಹಿಂದಿನ ರಾತ್ರಿಯೆಲ್ಲ ಪೆಟ್ಟಿಗೆ ಹೊತ್ತು, ಹಗಲು ಕಾರ್ಯಕ್ರಮ ನಡೆಸಿ, ಮತ್ತೆ ನಡುರಾತ್ರಿ ಬಿಚ್ಚುವ ಹುಡುಗರು ಅವರೇ ಆಗಿದ್ದರೆ, ನಿದ್ದೆಗಣ್ಣಿನಲ್ಲಿ ಕಟ್ಟಿದ ಚೌಕಟ್ಟಿನ ಕೆಳಗೆ ನಮ್ಮ ಅತಿಥಿಗಳು ಕುಳಿತಿರುತ್ತಾರೆ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಶಿರಸ್ತ್ರಾಣ, ಸೊಂಟಪಟ್ಟಿ, ವಿಮೆ ಮತ್ತು ಎರಡು ಪಾಳಿಯ ಜನ ಇವೆಯೇ ಎಂದು ಕೇಳುವುದು ಕರುಣೆಯೂ ಹೌದು, ವಿವೇಕವೂ ಹೌದು.

ಕರಾರಿನಲ್ಲಿರಬೇಕಾದ ಅಂಶಗಳು

ದರ ಒಪ್ಪಿಗೆಯಾದ ಮೇಲೆ ಈ ಕೆಳಗಿನ ಅಂಶಗಳು ಬರವಣಿಗೆಯಲ್ಲಿರಬೇಕು:

1. ಉಪಕರಣಗಳ ಹೆಸರು, ಅಳತೆ ಮತ್ತು ಸಂಖ್ಯೆ. ಬದಲಿ ತರುವುದಾದರೆ ನಮ್ಮ ಪೂರ್ವಾನುಮತಿ.
2. ಹೆಚ್ಚುವರಿ ಮೈಕು, ಬ್ಯಾಟರಿ, ತಂತಿ, ಕಂಪ್ಯೂಟರುಗಳನ್ನು ಸ್ಥಳದಲ್ಲಿಯೇ ಇಡುವ ಷರತ್ತು.
3. ಸ್ಥಳದಲ್ಲಿ ಹಾಜರಿರುವ ಮುಖ್ಯ ತಂತ್ರಜ್ಞನ ಹೆಸರು. ದರ ಮಾತನಾಡಿದವರು ಒಬ್ಬರು, ಬಂದವರು ಇನ್ನೊಬ್ಬರು ಎಂದಾಗಬಾರದು.
4. ಜೋಡಣೆ ಮುಗಿಯುವ ವೇಳೆ, ಪೂರ್ವಾಭ್ಯಾಸದ ವೇಳೆ, ಬಿಚ್ಚಿ ತೆರವುಗೊಳಿಸುವ ವೇಳೆ.
5. ಸಭಿಕರ ಸ್ಥಾನದಲ್ಲಿ ಶಬ್ದದ ಗರಿಷ್ಠ ಮಿತಿ, ಅಳೆಯುವ ಮಾಪಕದೊಂದಿಗೆ.
6. ತೂಕ ಮತ್ತು ವಿದ್ಯುತ್ತಿನ ಪರೀಕ್ಷಾಪತ್ರ, ಅಪಘಾತ ವಿಮೆ.
7. ಧ್ವನಿ ಮತ್ತು ವೀಡಿಯೋ ಮುದ್ರಣದ ಒಡೆತನ ಯಾರದೆಂಬ ಸ್ಪಷ್ಟತೆ.
8. ಹಣ ಪಾವತಿಯ ಕಂತುಗಳು, ರದ್ದತಿಯ ನಿಯಮ, ಲೋಪವಾದರೆ ಕಡಿತ.

ಪಾವತಿಯ ವಿಷಯದಲ್ಲಿ “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯನ್ನು ಬ್ಯಾಂಕಿನವರು ನಿತ್ಯವೂ ನೆನೆಯುತ್ತೇವೆ. ಮೂರನೆಯ ಒಂದು ಭಾಗ ಮುಂಗಡ, ಪೂರ್ವಾಭ್ಯಾಸ ತೃಪ್ತಿಕರವಾದ ಮೇಲೆ ಇನ್ನೊಂದು ಭಾಗ, ಸಮಾರಂಭದ ಬಳಿಕ ಒಂದು ವಾರದೊಳಗೆ ಉಳಿದದ್ದು ಎಂಬ ಕ್ರಮ ಉಭಯರಿಗೂ ನ್ಯಾಯವಾದುದು. ಎರಡನೆಯ ಮಾತನ್ನೂ ಹೇಳಲೇಬೇಕು. ಕೆಲಸ ಮುಗಿದ ಮೇಲೆ ದೊಡ್ಡ ಸಂಸ್ಥೆಗಳು ಚಿಕ್ಕ ಸೇವೆಯವರ ಹಣವನ್ನು ತಿಂಗಳುಗಟ್ಟಲೆ ತಡೆಹಿಡಿಯುವುದುಂಟು. ಕರಾರಿನ ದಿನಕ್ಕೆ ಹಣ ಸಂದಾಯ ಮಾಡುವ ಗಿರಾಕಿಗೆ ಮುಂದಿನ ವರ್ಷ ಒಳ್ಳೆಯ ತಂತ್ರಜ್ಞರೂ ಒಳ್ಳೆಯ ಉಪಕರಣಗಳೂ ತಾವಾಗಿಯೇ ದೊರೆಯುತ್ತವೆ.

ಕಾನೂನಿನ ಕಟ್ಟಳೆಗಳು

ಶಬ್ದಮಾಲಿನ್ಯ ನಿಯಮಗಳು, 2000 ಇವುಗಳ ಪ್ರಕಾರ ಧ್ವನಿವರ್ಧಕ ಬಳಕೆಗೆ ಸಂಬಂಧಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ, ಮುಚ್ಚಿದ ಸಭಾಂಗಣದೊಳಗಿನ ಬಳಕೆಯೇ ಮೊದಲಾದ ವಿನಾಯಿತಿಗಳ ಹೊರತು, ಅದು ನಿಷಿದ್ಧ. ವಾಣಿಜ್ಯ ಪ್ರದೇಶಕ್ಕೆ ಹಗಲು 65, ರಾತ್ರಿ 55 ಡೆಸಿಬೆಲ್. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂಬುದು ನಿಗದಿತ ಮಟ್ಟ. ಮಾದಾಪುರದಲ್ಲಿ ಕಚೇರಿಯ ಗೋಡೆಗೆ ಹೊಂದಿಕೊಂಡೇ ವಸತಿಗೃಹಗಳಿರುವುದರಿಂದ ಬಯಲಿನ ಕಾರ್ಯಕ್ರಮಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಪಕ್ಕದ ಮನೆಯಲ್ಲಿ ಹೃದ್ರೋಗಿಯೋ ಪರೀಕ್ಷೆಗೆ ಓದುವ ಬಾಲಕಿಯೋ ಇರಬಹುದು. ಚಿತ್ರಗೀತೆಗಳನ್ನು ನುಡಿಸುವುದಾದರೆ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕುದಾರರ ಪರವಾನಗಿ ಪಡೆಯಬೇಕಾಗುತ್ತದೆ. ಅದನ್ನು ಪಡೆಯುವವರು ನಾವೋ ಸೇವೆಯವರೋ ಎಂಬುದೂ ಕರಾರಿನಲ್ಲಿರಲಿ.

ಪೂರ್ವಾಭ್ಯಾಸ ಮತ್ತು ಸಂಕೇತ ಪತ್ರಿಕೆ

ಸಭಾಂಗಣದ ಅರ್ಧ ದಿನದ ಹೆಚ್ಚುವರಿ ಬಾಡಿಗೆಯನ್ನು ಉಳಿಸಲು ಪೂರ್ವಾಭ್ಯಾಸವನ್ನು ಕೈಬಿಡುವುದು ಸಾಮಾನ್ಯವಾಗಿ ಕಾಣುವ ದೋಷ. ಆ ಅರ್ಧ ದಿನದಲ್ಲಿ ಪತ್ತೆಯಾಗುವ ಲೋಪಗಳನ್ನು ಮರುದಿನ ಐನೂರು ಜನರ ಮುಂದೆ ತಿದ್ದಲಾಗುವುದಿಲ್ಲ.

ಪೂರ್ವಾಭ್ಯಾಸಕ್ಕೆ ಒಂದು ಸಂಕೇತ ಪತ್ರಿಕೆ ಸಿದ್ಧವಾಗಿರಬೇಕು. ಪ್ರತಿ ಕಾರ್ಯಕ್ರಮಕ್ಕೂ ವೇಳೆ, ವೇದಿಕೆಯ ಮೇಲಿರುವವರು, ಮೈಕಿನ ಸಂಖ್ಯೆ, ದೀಪ, ಪರದೆಯ ಮೇಲಿನ ಚಿತ್ರ ಎಂಬ ಐದು ಅಂಕಣಗಳು ಸಾಕು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡು. ಕರ್ನಾಟಕದ ನಾಡಗೀತೆಗೆ 2022ರ ಸರಕಾರಿ ಆದೇಶದಂತೆ 2 ನಿಮಿಷ 30 ಸೆಕೆಂಡು. ಎಲ್ಲರೂ ಎದ್ದು ನಿಂತ ಮೇಲೆ ಧ್ವನಿಮುದ್ರಿಕೆಗಾಗಿ ಹುಡುಕಾಡುವ ಅಪಮಾನ ಬರಬಾರದೆಂದರೆ ಇವೆಲ್ಲ ಪತ್ರಿಕೆಯಲ್ಲಿರಬೇಕು. ಕನ್ನಡ ಸಂಘದ ಕಾರ್ಯಕ್ರಮವಾದರೆ ಪತ್ರಿಕೆಯನ್ನು ತೆಲುಗು ಅಥವಾ ಇಂಗ್ಲಿಷಿನಲ್ಲಿಯೂ ಬರೆದುಕೊಡಬೇಕು. ನಿರೂಪಕರು ಕನ್ನಡದಲ್ಲಿ “ಈಗ ಪ್ರಾರ್ಥನೆ” ಎಂದಾಗ ತಂತ್ರಜ್ಞನಿಗೆ ತಿಳಿಯದಿದ್ದರೆ ಅದು ಅವನ ತಪ್ಪಲ್ಲ. ಕನ್ನಡ ಮತ್ತು ತೆಲುಗು ಎರಡನ್ನೂ ಬಲ್ಲ ಒಬ್ಬ ಸದಸ್ಯ ಮಿಕ್ಸರಿನ ಬಳಿ ಕುಳಿತಿದ್ದರೆ ಇನ್ನೂ ಲೇಸು. ತಂತ್ರಜ್ಞನಿಗೆ ಸೂಚನೆ ಕೊಡುವ ಅಧಿಕಾರವೂ ಆ ಒಬ್ಬರಿಗೇ ಇರಬೇಕು. ಹತ್ತು ಮಂದಿ ಪದಾಧಿಕಾರಿಗಳು ಹತ್ತು ದಿಕ್ಕಿನಿಂದ ಕೈಸನ್ನೆ ಮಾಡಿದರೆ ಎಂತಹ ನಿಪುಣನಾದರೂ ದಿಕ್ಕೆಡುತ್ತಾನೆ.

ಉಪಸಂಹಾರ

ಇಷ್ಟೆಲ್ಲ ನಿಯಮಗಳು ಒಂದು ಸಂಜೆಯ ಸಭೆಗೆ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಚಿಕ್ಕ ಸಭೆಗೆ ಪರೀಕ್ಷಾಪತ್ರಗಳ ಕಟ್ಟು ಬೇಕಿಲ್ಲ, ಎರಡು ಪುಟದ ಕರಾರು ಸಾಕು. ಆದರೆ ಆ ಎರಡು ಪುಟಗಳು ಸಮಾರಂಭಕ್ಕೆ ಆರು ವಾರ ಮೊದಲು ಸಿದ್ಧವಾಗಿರಬೇಕು. ಬರೆಯಲು ಕುಳಿತಾಗಲೇ ನಮಗೆ ಏನು ಬೇಕೆಂಬುದು ನಮಗೂ ಸ್ಪಷ್ಟವಾಗುತ್ತದೆ, ಸೇವೆಯವರಿಗೂ ತಮ್ಮ ಹೊಣೆಯ ಗಡಿ ತಿಳಿಯುತ್ತದೆ.

ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೆ ಮೊಮ್ಮಗಳ ಪ್ರಾರ್ಥನಾಗೀತೆ ಸ್ಪಷ್ಟವಾಗಿ ಕೇಳಿಸಬೇಕು. ಮೊದಲ ಸಾಲಿನಲ್ಲಿ ಕುಳಿತ ಮಗುವಿನ ಕಿವಿ ಕೆಡಬಾರದು. ಚೌಕಟ್ಟು ಕಟ್ಟಲು ಮೇಲೇರಿದ ಹುಡುಗ ಸುರಕ್ಷಿತವಾಗಿ ಕೆಳಗಿಳಿದು ಮನೆಗೆ ಹೋಗಬೇಕು. ಈ ಮೂರೂ ನೆರವೇರಿದ ದಿನ, ವಂದನಾರ್ಪಣೆಯಲ್ಲಿ ಧ್ವನಿ-ದೃಶ್ಯ ಸೇವೆಯವರ ಹೆಸರನ್ನು ಹೇಳಲು ಕಾರ್ಯದರ್ಶಿಗಳು ಮರೆಯಬಾರದೆಂದು ವಿಜ್ಞಾಪಿಸಿಕೊಳ್ಳುತ್ತೇನೆ.